ಶಿರಸಿ ಅವಿಭಾಜ್ಯ ಅಂದುಕೊಂಡಿದ್ದ ಹದಿನೈದು ವರ್ಷ

ನಮ್ಮ ಮನೆಯಲ್ಲಿ ಕಾಗದ ಬರೆಯುವ ಕೆಲಸ ನನ್ನದಾಗಿತ್ತು. ಆಯಿ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಅಕ್ಕ ಮದುವೆಯಾಗಿ ಘಟ್ಟದ ಕೆಳಗೆ ಕುಮಟೆಗೆ ಹೋದ ವರ್ಷ ಅದು, 1993. ವಾರಕ್ಕೊಂದು ಇನ್‌ಲ್ಯಾಂಡ್ ಹೋಗಲೇಬೇಕಿತ್ತು. ದನ ಕರು ಹಾಕಿದ್ದು, ಅಪ್ಪನ ಮಂಡಿನೋವು, ತೋಟಕ್ಕೆ ಕೊಳೆ ಬಂದಿದ್ದು, ಎಲ್ಲ ಹೇಳಿ ಮುಗಿಸಿ ಆಯಿ ಒಲೆಯ ಹತ್ತಿರ ಹೋಗುತ್ತಿದ್ದಳು. ವಿಳಾಸ ಬರೆಯುವ ಹೊತ್ತಿಗೆ ನಾನೊಬ್ಬನೇ. ವಿಳಾಸದ ಕೊನೆಗೆ ಆರು ಪುಟ್ಟ ಚೌಕ. ಅದರಲ್ಲಿ 581343 ಅಂತ ತುಂಬಬೇಕು. ಹಿಂಬದಿಯಲ್ಲಿ ಕಳಿಸುವವರ ಜಾಗದಲ್ಲಿ 581401. ನಮ್ಮ ಮನೆ ಶಿರಸಿ ಪೇಟೆಯ ಅಂಚಿನಲ್ಲೇ ಇತ್ತು, ಹಾಗಾಗಿ ಪಿನ್ ಕೂಡ ಪೇಟೆಯದೇ.

ಈ ಎರಡು ಸಂಖ್ಯೆಗಳನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಅವು ಸಂಖ್ಯೆಗಳು ಅನ್ನುವುದು ತಲೆಗೆ ಹೋಗಿದ್ದು ತಡವಾಗಿ. ಪಿನ್ ಕೋಡನ್ನು ಯಾರೂ ಸಂಖ್ಯೆಯ ಹಾಗೆ ಓದುವುದಿಲ್ಲ, ಅಲ್ವಾ? 'ಐದು ಎಂಟು ಒಂದು ನಾಲ್ಕು ಸೊನ್ನೆ ಒಂದು' ಅನ್ನುತ್ತೇವೆ. 'ಐದು ಲಕ್ಷದ ಎಂಬತ್ತೊಂದು ಸಾವಿರದ ನಾನೂರ ಒಂದು' ಅಂದರೆ ಪೋಸ್ಟ್‌ಮ್ಯಾನ್ ನಕ್ಕಾನು. ಅದು ಹೆಸರು, ಎಣಿಕೆ ಅಲ್ಲ. 1972ರ ಆಗಸ್ಟ್ 15ರಂದು ಈ ಪದ್ಧತಿ ಬಂತು. ಇದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್, ಕೇಂದ್ರ ಸಂಪರ್ಕ ಇಲಾಖೆಯ ಅಧಿಕಾರಿ, ಸಂಸ್ಕೃತ ಕವಿ ಕೂಡ. ಮೊದಲ ಅಂಕೆ ವಲಯ, ಎರಡನೆಯದು ಉಪವಲಯ, ಮೂರನೆಯದು ಟಪಾಲು ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಅಂಕೆ ಆಯಾ ಅಂಚೆ ಕಚೇರಿ. ಕಾರವಾರಕ್ಕೆ 581301 ಕೊಟ್ಟರು, ಶಿರಸಿಗೆ 581401 ಕೊಟ್ಟರು. ಕೊಡುವಾಗ ಆ ಸಂಖ್ಯೆ ಯಾವುದರಿಂದ ಭಾಗವಾಗುತ್ತದೆ ಅಂತ ಯಾರೂ ನೋಡಿರಲಿಕ್ಕಿಲ್ಲ. ಯಾಕೆ ನೋಡಬೇಕು? ಮಗುವಿಗೆ ಹೆಸರಿಡುವಾಗ ಹೆಸರಿನ ಅಕ್ಷರಗಳನ್ನು ತೂಗಿ ನೋಡುತ್ತೇವಾ?

ನಾನು ನೋಡಿದ್ದು ಮಳೆಯಿಂದಾಗಿ.

ಶಿರಸಿಯ ಜುಲೈ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಕರೆಂಟ್ ಹೋಗಿ ಮೂರು ದಿನ ಆಗಿತ್ತು. ಬಟ್ಟೆ ಒಣಗುತ್ತಿರಲಿಲ್ಲ. ಅಪ್ಪ ಮಳೆ ಹೊಳವಾದರೆ ಸಾಕು, ಕೊಳೆ ಔಷಧಿ ಹೊಡೆಸಬೇಕು ಅಂತ ಜಗುಲಿಯಲ್ಲಿ ಕೂತು ಆಕಾಶ ನೋಡುತ್ತಿದ್ದ. ನಾನಾಗ ಪಿಯುಸಿ. ಚಿಮಣಿ ದೀಪದ ಬೆಳಕಲ್ಲಿ ಅಕ್ಕನ ಕಾಗದ ಮುಗಿಸಿ, ಸುಮ್ನೆ ಕೂತಿದ್ದವನು ನಮ್ಮ ಪಿನ್ ಕೋಡನ್ನು ಭಾಗಿಸತೊಡಗಿದೆ. 2ಕ್ಕೆ ಶೇಷ 1. 3ಕ್ಕೆ ಶೇಷ 1. 5ಕ್ಕೂ 1. 7ಕ್ಕೆ 2. 11, 13 ಆಯಿತು. 17ಕ್ಕೆ ಮತ್ತೆ 1. 19ಕ್ಕೂ 1. ಸಂಖ್ಯೆ ಯಾರ ಕೈಗೂ ಸಿಗದೆ ಒಂದೇ ಗೇಣು ದೂರದಲ್ಲಿ ನಿಂತು ಆಟ ಆಡಿಸುತ್ತಿದೆ ಅನ್ನಿಸಿತು. ಆಮೇಲೆ ನಿಲ್ಲಿಸಲಿಕ್ಕೆ ಆಗಲಿಲ್ಲ.

1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ ಅವಿಭಾಜ್ಯ. ಒಂದು ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ತಿಳಿಯಲು ಎಲ್ಲ ಸಂಖ್ಯೆಗಳಿಂದ ಭಾಗಿಸಬೇಕಿಲ್ಲ. ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಎರಡು ಸಂಖ್ಯೆ ಗುಣಿಸಿ 581401 ಬರಬೇಕೆಂದರೆ ಅವೆರಡೂ ವರ್ಗಮೂಲಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ, ಒಂದಾದರೂ ಚಿಕ್ಕದಿರಲೇಬೇಕು. 762ರ ವರ್ಗ 580644, 763ರ ವರ್ಗ 582169. ಅಂದರೆ 762ರವರೆಗೆ ಹೋದರೆ ಮುಗಿಯಿತು. ಅಲ್ಲಿಯವರೆಗೆ 135 ಅವಿಭಾಜ್ಯಗಳಿವೆ. ಅವುಗಳ ಪಟ್ಟಿಯನ್ನೂ ನಾನೇ ಮಾಡಿಕೊಂಡೆ. ಅಪ್ಪನ ಹಳೆಯ ಅಡಿಕೆ ಲೆಕ್ಕದ ಪುಸ್ತಕದ ಖಾಲಿ ಹಾಳೆಯಲ್ಲಿ 800ರವರೆಗೆ ಬರೆದು, 2ರ ಮಗ್ಗಿ, 3ರ ಮಗ್ಗಿ, 5ರ ಮಗ್ಗಿ ಅಂತ ಹೊಡೆದು ಹಾಕುತ್ತಾ ಹೋದೆ. ಉಳಿದವು ಅವಿಭಾಜ್ಯ. ಎರಡು ಸಾವಿರ ವರ್ಷಕ್ಕೂ ಹಿಂದೆ ಎರಟೋಸ್ತನೀಸ್ ಅನ್ನುವ ಗ್ರೀಕ್ ವಿದ್ವಾಂಸನ ಹೆಸರಿನಲ್ಲಿರುವ ಜರಡಿ ಇದು. ಆಗ ನನಗೆ ಆ ಹೆಸರು ಗೊತ್ತಿರಲಿಲ್ಲ. ಆಯಿ ಅಕ್ಕಿ ಗೇರುತ್ತಿದ್ದುದು ಕಣ್ಣ ಮುಂದಿತ್ತು, ಹೆಚ್ಚುಕಡಿಮೆ ಅದೇ ಕೆಲಸ.

ಐದು ದಿನ ಹಿಡಿಯಿತು. ದಿನಕ್ಕೆ ಇಪ್ಪತ್ತೈದು, ಮೂವತ್ತು ಭಾಗಾಕಾರ. ಮೊದಮೊದಲು ಬೇಗ ಬೇಗ, 300 ದಾಟಿದ ಮೇಲೆ ಕೈ ಬೇಸರ. ಆಯಿ ಒಂದು ಸಲ ಬಂದು ಇಣುಕಿ, "ಎಂತ ಲೆಕ್ಕನೋ ಮಾರಾಯ ಇದು, ಪರೀಕ್ಷೆಗೆ ಬತ್ತಾ?" ಅಂದಳು. ಬರುವುದಿಲ್ಲ ಅಂದೆ. "ಹಂಗಾರೆ ಹಪ್ಪಳ ತಿರುವಿಹಾಕಿ ಬಾ" ಅಂದಳು. ಹೊಗೆ ಅಟ್ಟದ ಮೇಲೆ ಹಲಸಿನ ಹಪ್ಪಳ ಹರವಿದ್ದರು. ತಿರುವಿಹಾಕಿ ಬಂದು ಮತ್ತೆ ಕೂತೆ. ಕೊನೆಗೆ 761 ಕೂಡ ಮುಗಿಯಿತು. ಶೇಷ ಉಳಿಯದೆ ಹೋಗಿದ್ದು ಒಂದೂ ಇಲ್ಲ. ಪುಟದ ಕೆಳಗೆ ದೊಡ್ಡದಾಗಿ ಬರೆದು ಅಡಿಗೆರೆ ಎಳೆದೆ: 'ಶಿರಸಿ ಅವಿಭಾಜ್ಯ.'

ಈ ಮಾತನ್ನು ಆಮೇಲೆ ಹದಿನೈದು ವರ್ಷ ಹೇಳಿಕೊಂಡು ತಿರುಗಿದೆ. ಹಾಸ್ಟೆಲಿನಲ್ಲಿ ಹೇಳಿದೆ. ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಆಫೀಸಿನಲ್ಲಿ ಹೇಳಿದೆ. ಊರು ಯಾವುದು ಅಂತ ಕೇಳಿದವರಿಗೆ ಮಾರಿಕಾಂಬಾ ಜಾತ್ರೆ, ತೊಡದೇವು, ಅದರ ಜೊತೆಗೆ ಇದೂ ಒಂದು. ಕೇಳಿದವರು ನಗುತ್ತಿದ್ದರು. ಒಬ್ಬರೂ ಹೌದಾ ಅಂತ ಪರೀಕ್ಷಿಸಲಿಲ್ಲ. ನಾನೂ ಇಲ್ಲ. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವವನು. ಅದಕ್ಕೆ ಕೇಳಿದ್ದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೇಳಿಬಿಡುತ್ತಿತ್ತು. ಆದರೆ ಗೊತ್ತಿರುವುದನ್ನು ಯಾರು ಕೇಳುತ್ತಾರೆ? ನಾನು ಕೈಯಾರೆ ಮಾಡಿದ್ದೆ, 135 ಭಾಗಾಕಾರ.

ಮಧ್ಯದಲ್ಲಿ ಇನ್ನೊಂದು ಸಂಗತಿ ನಡೆದು ನನ್ನ ನಂಬಿಕೆ ಮತ್ತಷ್ಟು ಗಟ್ಟಿಯಾಯಿತು. ಡಿಗ್ರಿ ಓದುವಾಗ ಒಂದು ಚೆಂದದ ವಿಷಯ ಕಲಿತೆ. ಬೆಸ ಅವಿಭಾಜ್ಯಗಳನ್ನು 4ರಿಂದ ಭಾಗಿಸಿದರೆ ಶೇಷ 1 ಬರುತ್ತದೆ ಅಥವಾ 3 ಬರುತ್ತದೆ. ಶೇಷ 1 ಬರುವ ಅವಿಭಾಜ್ಯಗಳನ್ನೆಲ್ಲ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. 5 ಅಂದರೆ 4 ಮತ್ತು 1. 13 ಅಂದರೆ 9 ಮತ್ತು 4. 29 ಅಂದರೆ 25 ಮತ್ತು 4. ಶೇಷ 3 ಬರುವವಕ್ಕೆ ಈ ಭಾಗ್ಯ ಇಲ್ಲ. 7 ಇಲ್ಲ, 11 ಇಲ್ಲ, 19 ಇಲ್ಲ. ಫ್ರಾನ್ಸಿನ ಫರ್ಮಾ 1640ರಲ್ಲಿ ಇದನ್ನು ಒಂದು ಕಾಗದದಲ್ಲಿ ಬರೆದ (ಅವನೂ ಕಾಗದ ಬರೆಯುವವನೇ), ನೂರು ವರ್ಷ ಕಳೆದ ಮೇಲೆ ಆಯ್ಲರ್ ಸಾಧಿಸಿ ತೋರಿಸಿದ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಅವಿಭಾಜ್ಯವಾಗಿದ್ದರೆ ಹಾಗೆ ಬರೆಯುವ ದಾರಿ ಒಂದೇ ಒಂದು. ಎರಡನೆಯ ದಾರಿ ಇರುವುದೇ ಇಲ್ಲ.

581401ನ್ನು 4ರಿಂದ ಭಾಗಿಸಿದರೆ ಶೇಷ 1. ಅಂದಮೇಲೆ ಶಿರಸಿಗೂ ಎರಡು ವರ್ಗ ಇರಲೇಬೇಕು. ಹುಡುಕಲು ಕೂತೆ. ಇಲ್ಲಿ ಸ್ವಲ್ಪ ಜಾಣತನ ಮಾಡಬಹುದು. ವರ್ಗಸಂಖ್ಯೆಗಳು 0, 1, 4, 5, 6, 9 ಈ ಅಂಕೆಗಳಲ್ಲಿ ಮಾತ್ರ ಮುಗಿಯುತ್ತವೆ. ಎರಡನ್ನು ಕೂಡಿದಾಗ ಕೊನೆಗೆ 1 ಬರಬೇಕೆಂದರೆ ಒಂದು 0, ಇನ್ನೊಂದು 1 ಇರಬೇಕು, ಇಲ್ಲವೇ 5 ಮತ್ತು 6. ಮೊದಲನೆಯ ಜೋಡಿಯನ್ನೇ ಹಿಡಿಯೋಣ. ಜೊತೆಗೆ 581401ನ್ನು 8ರಿಂದ ಭಾಗಿಸಿದರೂ ಶೇಷ 1, ಹಾಗಾಗಿ ಜೋಡಿಯಲ್ಲಿರುವ ಸಮಸಂಖ್ಯೆ 4ರ ಮಗ್ಗಿಯಲ್ಲೇ ಇರಬೇಕು. ಕೊನೆಗೆ ಸೊನ್ನೆಯೂ ಬೇಕು, 4ರ ಮಗ್ಗಿಯೂ ಬೇಕು ಅಂದರೆ 20ರ ಮಗ್ಗಿ ಆಯಿತು. 20, 40, 60 ಹೀಗೆ 760ರವರೆಗೆ. ಒಟ್ಟು 38 ಪ್ರಯತ್ನ. ಪ್ರತಿ ಸಲವೂ ಅದರ ವರ್ಗವನ್ನು 581401ರಿಂದ ಕಳೆದು, ಉಳಿದದ್ದು ವರ್ಗಸಂಖ್ಯೆ ಹೌದೋ ನೋಡುವುದು, ಅಷ್ಟೇ.

ಹದಿನೈದನೆಯ ಪ್ರಯತ್ನಕ್ಕೇ ಸಿಕ್ಕಿತು. 300ರ ವರ್ಗ 90000. ಕಳೆದರೆ 491401. ಅದು 701ರ ವರ್ಗ!

ಶಿರಸಿ ಅಂದರೆ 701ರ ವರ್ಗ ಮತ್ತು 300ರ ವರ್ಗ. ನನಗೆ ಆದ ಖುಷಿ ಹೇಳತೀರದು. ಅವಿಭಾಜ್ಯವಾದರೆ ಸಿಗಬೇಕಿತ್ತು, ಸಿಕ್ಕಿತು. ಪೆನ್ನು ಮುಚ್ಚಿಟ್ಟೆ. ಉಳಿದ 23 ಪ್ರಯತ್ನ ಮಾಡಲಿಲ್ಲ. ಇರುವುದೇ ಒಂದು ದಾರಿ ಅಂದಮೇಲೆ, ಆ ದಾರಿ ಸಿಕ್ಕಮೇಲೆ, ಮುಂದೆ ಯಾಕೆ ಹೋಗಬೇಕು?

2008ರ ಮೇ ತಿಂಗಳಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ದೇವಿಮನೆ ಘಟ್ಟ ಇಳಿದು ಕುಮಟೆ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅಕ್ಕನ ಮಗಳು ಎಂಟನೆಯ ಕ್ಲಾಸಿಗೆ ಹೋಗುವವಳು, ರಜೆಯಲ್ಲಿ ಬೇಜಾರಾಗಿ ಎಲ್ಲರ ತಲೆ ತಿನ್ನುತ್ತಿದ್ದಳು. ಅವಳನ್ನು ಒಂದು ಗಂಟೆ ಕೂರಿಸಲು ನಾನು ಈ ಲೆಕ್ಕ ಕೊಟ್ಟೆ. ಭಾವನ ಅಂಗಡಿಯ ಕ್ಯಾಲ್ಕುಲೇಟರ್ ಇತ್ತು, ಅದರಲ್ಲಿ ವರ್ಗಮೂಲದ ಗುಂಡಿಯೂ ಇತ್ತು. 20ರ ಮಗ್ಗಿ ಬರೆದು, ಹೀಗೆ ಹೀಗೆ ಮಾಡು, ಒಂದು ಕಡೆ ಪೂರ್ಣಸಂಖ್ಯೆ ಬರ್ತದೆ, ಅದು ನಮ್ಮ ಶಿರಸಿ ಮನೆಯ ಗುಟ್ಟು ಅಂತ ಹೇಳಿದೆ. ಎಷ್ಟು ದಾರಿ ಇರ್ತದೆ ಅಂತ ಮಾತ್ರ ಹೇಳಲಿಲ್ಲ. ಹೇಳಬೇಕು ಅಂತ ಹೊಳೆಯಲೂ ಇಲ್ಲ.

ಊಟ ಮಾಡಿ ಅಡ್ಡಾಗಿದ್ದೆ. ಅವಳು ಬಂದು ಎಬ್ಬಿಸಿದಳು.

"ಮಾವಾ, 300 ಸಿಕ್ತು."

"ಶಾಬಾಸ್" ಅಂತ ಮಗ್ಗುಲಾದೆ.

ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು. "ಮಾವಾ, ಮತ್ತೊಂದು ಇದ್ದು."

ಇಲ್ಲ ಕೂಸೆ, ಎಲ್ಲೋ ತಪ್ಪು ಒತ್ತಿದ್ದೀಯ ಅಂದೆ. ಅವಳು ಕ್ಯಾಲ್ಕುಲೇಟರನ್ನು ನನ್ನ ಮೂಗಿನ ಹತ್ತಿರ ಹಿಡಿದಳು. 251. ಬಿಂದು ಇಲ್ಲ, ಬಾಲ ಇಲ್ಲ. ಎದ್ದು ಕೂತು ಕೈಯಲ್ಲೇ ಮಾಡಿದೆ. 720ರ ವರ್ಗ 518400. 251ರ ವರ್ಗ 63001. ಕೂಡಿದರೆ 581401.

ನಿದ್ದೆ ಪೂರ್ತಿ ಹಾರಿಹೋಯಿತು. ಎರಡು ದಾರಿ ಇದೆ ಅಂದರೆ ಶಿರಸಿ ಅವಿಭಾಜ್ಯ ಅಲ್ಲ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ನನ್ನ ಐದು ದಿನದ ಮಳೆಗಾಲದ ತಪಸ್ಸಿನಲ್ಲಿ ಎಲ್ಲೋ ಒಂದು ಕಡೆ ತೂತು ಬಿದ್ದಿದೆ. ಎಲ್ಲಿ ಅಂತ ಗೊತ್ತಿಲ್ಲ, ಬಿದ್ದಿರುವುದಂತೂ ಖಂಡಿತ.

ಎರಡು ದಾರಿ ಗೊತ್ತಿದ್ದರೆ ಸಂಖ್ಯೆಯನ್ನು ಒಡೆಯಲೂಬಹುದು. ಇದೂ ಆಯ್ಲರ್‌ನದೇ ಉಪಾಯ. ಊಟದ ಮನೆಯ ಕಟ್ಟೆಯ ಮೇಲೆ ಕೂತು ಇಬ್ಬರೂ ಮಾಡಿದೆವು. ಸಮಸಂಖ್ಯೆಗಳು 720 ಮತ್ತು 300, ಬೆಸಸಂಖ್ಯೆಗಳು 701 ಮತ್ತು 251. ಸಮಗಳ ವ್ಯತ್ಯಾಸ 420, ಬೆಸಗಳ ವ್ಯತ್ಯಾಸ 450. ಎರಡರ ಮಹತ್ತಮ ಸಾಮಾನ್ಯ ಅಪವರ್ತನ 30. 420ನ್ನು 30ರಿಂದ ಭಾಗಿಸಿದರೆ 14, 450ನ್ನು ಭಾಗಿಸಿದರೆ 15. ಈ 14 ಮತ್ತು 15ರ ವರ್ಗಗಳನ್ನು ಕೂಡಿ: 196 ಮತ್ತು 225, ಒಟ್ಟು 421. ಅಷ್ಟೇ. 581401ನ್ನು 421ರಿಂದ ಭಾಗಿಸಿದರೆ 1381, ಶೇಷ ಸೊನ್ನೆ.

ಶಿರಸಿ ಅಂದರೆ 421 ಗುಣಿಸು 1381. ಎರಡೂ ಅವಿಭಾಜ್ಯ.

ಈ ಉಪಾಯದ ಬೇರು ನಮ್ಮಲ್ಲೂ ಇದೆ. 421 ಅಂದರೆ 15 ಮತ್ತು 14ರ ವರ್ಗಗಳು. 1381 ಅಂದರೆ 34 ಮತ್ತು 15ರ ವರ್ಗಗಳು. ಹೀಗೆ ಎರಡೆರಡು ವರ್ಗಗಳಿಂದಾದ ಎರಡು ಸಂಖ್ಯೆಗಳನ್ನು ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ, ಸಾಮಾನ್ಯವಾಗಿ ಎರಡು ಬಗೆಯಲ್ಲಿ. 15ನ್ನು 34ರಿಂದ ಗುಣಿಸಿದರೆ 510, 14ನ್ನು 15ರಿಂದ ಗುಣಿಸಿದರೆ 210. ಕೂಡಿದರೆ 720, ಕಳೆದರೆ 300. ಅಡ್ಡಕ್ಕೆ ಗುಣಿಸಿ, 15ನ್ನು 15ರಿಂದ, 14ನ್ನು 34ರಿಂದ: 225 ಮತ್ತು 476. ಕೂಡಿದರೆ 701, ಕಳೆದರೆ 251. ನಾಲ್ಕೂ ಸಂಖ್ಯೆ ಎದುರಿಗೆ ಬಂದು ನಿಂತವು! ಬ್ರಹ್ಮಗುಪ್ತ 7ನೇ ಶತಮಾನದಲ್ಲೇ ಇದರ ಇನ್ನೂ ವಿಶಾಲವಾದ ರೂಪವನ್ನು ಕೊಟ್ಟಿದ್ದ. ನಮ್ಮ ಗಣಿತ ಪರಂಪರೆಯಲ್ಲಿ ಅದಕ್ಕೆ ಭಾವನಾ ಅಂತ ಹೆಸರು. ನಾನು ಇದನ್ನೆಲ್ಲ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ನಮ್ಮ ಮನೆಯ ವಿಳಾಸದಲ್ಲಿ ಅದು ಕೂತಿರುವುದು ಕಾಣಲಿಲ್ಲ.

ಅದೇ ವಾರ ಶಿರಸಿಗೆ ಹೋಗಿ ಅಟ್ಟ ಹತ್ತಿದೆ. ಲೆಕ್ಕದ ಪುಸ್ತಕ ಸಿಕ್ಕಿತು. ಅಂಚನ್ನು ಗೆದ್ದಲು ತಿಂದಿತ್ತು, ಒಳಗಿನ ಪುಟಗಳು ಚೆನ್ನಾಗಿದ್ದವು. 421 ಅನ್ನುವುದು 82ನೆಯ ಅವಿಭಾಜ್ಯ. ಆ ಭಾಗಾಕಾರ ಮೂರನೆಯ ದಿನದ ಕೊನೆಯಲ್ಲಿತ್ತು. 581ರಲ್ಲಿ 421 ಒಂದು ಸಲ, ಉಳಿದದ್ದು 160. 4 ಇಳಿಸಿ 1604. ಅದರಲ್ಲಿ ಮೂರು ಸಲ, 1263. 1604ರಿಂದ 1263 ಕಳೆದರೆ 341. ನಾನು 331 ಅಂತ ಬರೆದಿದ್ದೆ. ಅಲ್ಲಿಂದ ಮುಂದೆ ಎಲ್ಲ ಸರಿಯಾಗಿಯೇ ಮಾಡಿದ್ದೆ, ಒಂದು ಚೂರೂ ತಪ್ಪದೆ. ಶೇಷ 263 ಅಂತ ಬರೆದು ಮುಂದಿನ 431ಕ್ಕೆ ಹೋಗಿದ್ದೆ. ಬಹುಶಃ ದೀಪದ ಎಣ್ಣೆ ಕಮ್ಮಿಯಾಗಿತ್ತು. ಬಹುಶಃ ಅದೇ ಹೊತ್ತಿಗೆ ಆಯಿ ಹಪ್ಪಳ ತಿರುವಿಹಾಕು ಅಂದಿದ್ದಳು. ಆಯಿಯ ಮೇಲೆ ಹಾಕುವುದು ಸುಲಭ. ಆದರೆ ಒಂದು ದಶಕ ತಪ್ಪು ಕಳೆದಿದ್ದು ನಾನೇ.

ಅದಾದ ಮೇಲೆ 53 ಭಾಗಾಕಾರ ಮಾಡಿದ್ದೇನೆ ನೋಡಿ. ಎಲ್ಲ ದಂಡ.

ಇಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸಿದ್ದು ಬೇರೆ. ಕುಮಟೆಯಲ್ಲಿ ಆ ಹತ್ತು ನಿಮಿಷ, 251 ಕಂಡ ಮೇಲೆ 421 ಸಿಗುವವರೆಗೆ, ಶಿರಸಿ ಒಡೆಯುತ್ತದೆ ಅಂತ ನನಗೆ ಖಚಿತವಾಗಿ ಗೊತ್ತಿತ್ತು. ಆದರೆ ಚೂರುಗಳು ಯಾವುವು ಅಂತ ಗೊತ್ತಿರಲಿಲ್ಲ. ಒಡೆಯುತ್ತದೆ ಅಂತ ತಿಳಿಯುವುದು ಬೇರೆ, ಒಡೆಯುವುದು ಬೇರೆ. ಗಣಿತದಲ್ಲಿ ಇಂಥ ಹತ್ತು ನಿಮಿಷ ಕೆಲವೊಮ್ಮೆ ವರ್ಷಗಟ್ಟಲೆ ಎಳೆಯುತ್ತದೆ. 2ನ್ನು 67 ಸಲ ಗುಣಿಸಿ ಅದರಿಂದ 1 ಕಳೆದರೆ ಬರುವ ಸಂಖ್ಯೆ 147573952589676412927. ಇಪ್ಪತ್ತೊಂದು ಅಂಕೆ. 1644ರಲ್ಲಿ ಮೆರ್ಸೆನ್ ಅನ್ನುವ ಪಾದ್ರಿ ಇದು ಅವಿಭಾಜ್ಯ ಅಂತ ತನ್ನ ಪಟ್ಟಿಯಲ್ಲಿ ಸೇರಿಸಿದ. ಇನ್ನೂರಕ್ಕೂ ಜಾಸ್ತಿ ವರ್ಷ ಜನ ನಂಬಿದರು. (ನನ್ನದು ಬರೀ ಹದಿನೈದು ವರ್ಷ, ಸಮಾಧಾನ.) 1876ರಲ್ಲಿ ಲೂಕಾ ಅನ್ನುವವನು ಅಲ್ಲ, ಇದು ಒಡೆಯುತ್ತದೆ ಅಂತ ಸಾಧಿಸಿದ. ಆದರೆ ಒಂದು ಚೂರನ್ನೂ ತೋರಿಸಲು ಅವನಿಂದ ಆಗಲಿಲ್ಲ. ಕೊನೆಗೆ 1903ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಎದ್ದು ಹೋಗಿ, ಬೋರ್ಡಿನ ಒಂದು ಕಡೆ ಆ ದೊಡ್ಡ ಸಂಖ್ಯೆ ಬರೆದ. ಇನ್ನೊಂದು ಕಡೆ 193707721 ಮತ್ತು 761838257287 ಬರೆದು ಗುಣಿಸಿದ. ಎರಡೂ ಕಡೆ ಒಂದೇ ಬಂತು. ಒಂದು ಮಾತೂ ಆಡದೆ ಬಂದು ಕೂತನಂತೆ. ಸಭೆ ಚಪ್ಪಾಳೆ ತಟ್ಟಿತಂತೆ. ಹುಡುಕಲಿಕ್ಕೆ ಮೂರು ವರ್ಷದ ಭಾನುವಾರಗಳು ಹಿಡಿದವು ಅಂತ ಕೋಲ್ ಹೇಳಿದ್ದಾಗಿ ಕಥೆ ಇದೆ.

ಗುಣಿಸಲು ಒಂದು ಗಂಟೆ ಸಾಕು, ಒಡೆಯಲು ಮೂರು ವರ್ಷ. ಈ ವ್ಯತ್ಯಾಸದ ಮೇಲೆಯೇ ನನ್ನ ಹೊಟ್ಟೆಪಾಡು ನಡೆಯುತ್ತಿದೆ ಅಂದರೂ ತಪ್ಪಲ್ಲ. 1977ರಲ್ಲಿ ರಿವೆಸ್ಟ್, ಶಮೀರ್, ಏಡ್ಲ್‌ಮನ್ ಅನ್ನುವ ಮೂವರು ಇದನ್ನೇ ಬೀಗ ಮಾಡಿಕೊಂಡರು. ಎರಡು ದೊಡ್ಡ ಅವಿಭಾಜ್ಯ ಆರಿಸಿ, ಗುಣಿಸಿ, ಗುಣಲಬ್ಧವನ್ನು ಊರಿಗೆಲ್ಲ ಹಂಚುವುದು. ಚೂರುಗಳನ್ನು ಮಾತ್ರ ಗುಟ್ಟಾಗಿ ಇಟ್ಟುಕೊಳ್ಳುವುದು. ಯಾರು ಬೇಕಾದರೂ ಬೀಗ ಹಾಕಬಹುದು, ತೆಗೆಯಲು ಚೂರು ಗೊತ್ತಿರಬೇಕು. ಅದೇ ವರ್ಷ ಅವರು 129 ಅಂಕೆಯ ಒಂದು ಸಂಖ್ಯೆಯನ್ನು ಪಂಥಕ್ಕೆ ಇಟ್ಟರು, ಒಡೆದವರಿಗೆ ನೂರು ಡಾಲರ್. ಕೋಟಿ ಕೋಟಿ ವರ್ಷ ಬೇಕು ಅಂತ ಅಂದಾಜಿತ್ತು. 1994ರಲ್ಲಿ ಸುಮಾರು 600 ಜನ ಇಂಟರ್‌ನೆಟ್ ಮೂಲಕ ತಮ್ಮ ಕಂಪ್ಯೂಟರುಗಳನ್ನು ಸೇರಿಸಿ ಒಡೆದರು. 64 ಅಂಕೆಯ ಒಂದು ಚೂರು, 65 ಅಂಕೆಯ ಇನ್ನೊಂದು. ಒಳಗಿದ್ದ ಗುಟ್ಟಿನ ಸಂದೇಶ ಮೂಳೆ ತಿನ್ನುವ ಹದ್ದಿನ ಬಗ್ಗೆ ಒಂದು ಹುಚ್ಚು ಸಾಲು. 2020ರಲ್ಲಿ 250 ಅಂಕೆಯದೂ ಒಡೆಯಿತು. ಈಗ ಬಳಕೆಯಲ್ಲಿರುವ ಬೀಗಗಳು 617 ಅಂಕೆಯವು, ಅದಕ್ಕಿಂತ ದೊಡ್ಡವೂ ಇವೆ. ನಮ್ಮ ಶಿರಸಿಯೂ ಅದೇ ಜಾತಿಯದು. ಎರಡೇ ಅವಿಭಾಜ್ಯ, ಎರಡೂ ಸಾಕಷ್ಟು ದೊಡ್ಡವು. ಗಾತ್ರ ಮಾತ್ರ ಆಟಿಕೆಯ ಬೀಗದ್ದು. ಆದರೂ ನನ್ನನ್ನು ಹದಿನೈದು ವರ್ಷ ಹೊರಗೆ ನಿಲ್ಲಿಸಿತು.

ಕೂಸಿಗೆ ಮಾತ್ರ ರುಚಿ ಹತ್ತಿಬಿಟ್ಟಿತ್ತು. ತನ್ನ ಊರಿನದನ್ನು ಒಡೆಯಲು ಕೂತಳು. ಕುಮಟಾ, 581343. 3ಕ್ಕೆ ಹೋಯಿತು. 7ಕ್ಕೆ ಹೋಯಿತು. 19ಕ್ಕೆ ಹೋಯಿತು. ಉಳಿದದ್ದು 1457, ಅದು 31 ಮತ್ತು 47. ಐದು ನಿಮಿಷದ ಕೆಲಸ. ಹಲಸಿನ ತೊಳೆ ಬಿಡಿಸಿದ ಹಾಗೆ 3, 7, 19, 31, 47, ಐದು ಅವಿಭಾಜ್ಯಗಳು ಬಾಳೆಲೆಯ ಮೇಲೆ ಬಿದ್ದವು. "ನಮ್ಮ ಊರು ನಿಮ್ಮ ಊರಿಗಿಂತ ಸುಲಭ ಮಾವಾ" ಅಂತ ಕುಣಿದಳು.

ಆ ಐದನ್ನೂ 4ರಿಂದ ಭಾಗಿಸಿ ನೋಡು ಅಂದೆ. ಐದಕ್ಕೆ ಐದೂ ಶೇಷ 3! ಶಿರಸಿಯ ಎರಡಕ್ಕೂ ಶೇಷ 1. ಶಿರಸಿಯನ್ನು ಎರಡು ವರ್ಗಗಳಾಗಿ ಎರಡು ಬಗೆಯಲ್ಲಿ ಬರೆಯಬಹುದು, ಕುಮಟೆಯನ್ನು ಒಂದು ಬಗೆಯಲ್ಲೂ ಆಗುವುದಿಲ್ಲ. ಘಟ್ಟದ ಮೇಲಿನದಕ್ಕೂ ಕೆಳಗಿನದಕ್ಕೂ ಇಷ್ಟು ಎದುರುಬದುರು! ಇದರಲ್ಲಿ ಪವಾಡ ಏನಿಲ್ಲ, ಯಾರೋ ಕಚೇರಿಯಲ್ಲಿ ಕೂತು ಸಾಲಾಗಿ ಕೊಟ್ಟ ಸಂಖ್ಯೆಗಳು ಇವು. ಗೊತ್ತಿದ್ದೂ ಮೈ ಜುಂ ಅಂದಿದ್ದು ಸುಳ್ಳಲ್ಲ. ನಾನು ವಾರವಾರ ಇನ್‌ಲ್ಯಾಂಡಿನ ಆ ಕಡೆ ಒಂದು, ಈ ಕಡೆ ಒಂದು ಬರೆದ ಸಂಖ್ಯೆಗಳು.

ಇಷ್ಟು ದೊಡ್ಡ ಸಂಖ್ಯೆಗೆ ಸಾಮಾನ್ಯವಾಗಿ ಎಷ್ಟು ಬೇರೆ ಬೇರೆ ಅವಿಭಾಜ್ಯ ಚೂರುಗಳು ಇರುತ್ತವೆ? ಇದಕ್ಕೂ ಉತ್ತರ ಇದೆ. 1917ರಲ್ಲಿ ಹಾರ್ಡಿ ಮತ್ತು ನಮ್ಮ ರಾಮಾನುಜನ್ ಸೇರಿ ಕೊಟ್ಟಿದ್ದು. ಅದರ ಪ್ರಕಾರ ಐದಾರು ಲಕ್ಷದ ಆಸುಪಾಸಿನ ಸಂಖ್ಯೆಗಳಿಗೆ ಎರಡೂವರೆ, ಮೂರು ಚೂರು. ಶಿರಸಿಗೆ ಎರಡು. ಯಲ್ಲಾಪುರ 581359, ಅದಕ್ಕೂ ಎರಡೇ, 67 ಮತ್ತು 8677. ಕುಮಟೆಗೆ ಐದು. ಹೊನ್ನಾವರ 581334 ಅಂದರೆ 2, 3, 13, 29, 257, ಮತ್ತೆ ಐದು. ಮುರ್ಡೇಶ್ವರ 581350, ಅದರಲ್ಲಿ 2, 5, 7, 11, 151, ಅಲ್ಲೂ ಐದು, 5 ಎರಡು ಸಲ ಬರುತ್ತದೆ. ಕೂಸು ತೀರ್ಪು ಕೊಟ್ಟೇಬಿಟ್ಟಳು: ಘಟ್ಟದ ಮೇಲಿನವು ಅಡಿಕೆ, ಕೆಳಗಿನವು ಹಲಸು. ಒಂದು ದಿನ ಪೂರ್ತಿ ನಾವು ಇದನ್ನು ನಂಬಿದೆವು. ಮರುದಿನ ಕಾರವಾರ ಹಾಳು ಮಾಡಿತು. 581301 ಅಂದರೆ 9 ಗುಣಿಸು 7 ಗುಣಿಸು 9227, ಆ 9227 ಒಡೆಯುವುದೇ ಇಲ್ಲ. ಜಿಲ್ಲಾ ಕೇಂದ್ರ ಅಂದಮೇಲೆ ಯಾರ ಮಾತೂ ಕೇಳುವುದಿಲ್ಲ.

ಕೈಗಾದ ಕಥೆ ಇನ್ನೂ ಚೆಂದ. ಅಣು ವಿದ್ಯುತ್ ಸ್ಥಾವರ ಇರುವ ಕೈಗಾ, ಕಾಳಿ ನದಿಯ ದಂಡೆಯಲ್ಲಿ, ಶಿರಸಿಯಿಂದ ಎಷ್ಟೋ ದೂರ. ಅದರ ಪಿನ್ 581400. ಶಿರಸಿಗಿಂತ ಒಂದೇ ಕಡಿಮೆ. ಅದು 8, 9, 25, 17, 19 ಇವುಗಳ ಗುಣಲಬ್ಧ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 144 ಇವೆ. ಪಕ್ಕದ ಶಿರಸಿಗೆ 1, 421, 1381 ಮತ್ತು ತಾನು, ಒಟ್ಟು ನಾಲ್ಕೇ. ಅಕ್ಕಪಕ್ಕದ ಸಂಖ್ಯೆಗಳಿಗೆ 1ರ ಹೊರತು ಸಾಮಾನ್ಯ ಅಪವರ್ತನ ಇರುವುದೇ ಇಲ್ಲ, ಬೇಲಿ ಹಂಚಿಕೊಂಡರೂ ನೆಂಟಸ್ತನ ಇಲ್ಲದವರ ಹಾಗೆ. ಪಿಯುಸಿ ಹುಡುಗನಿಗೆ 2, 3, 5, 17, 19 ಎಲ್ಲದಕ್ಕೂ ಶೇಷ 1 ಬಂದಿದ್ದು ಇದರಿಂದ. ಆಟ ಆಡಿಸುತ್ತಿದ್ದುದು ಕೈಗಾ.

ಆ ಕೂಸು ಈಗ ಪುಣೆಯಲ್ಲಿ ಇದ್ದಾಳೆ. ಕೆಲಸಕ್ಕೂ ಗಣಿತಕ್ಕೂ ಸಂಬಂಧ ಇಲ್ಲ. ಆಯಿ ಇಲ್ಲ. ಇನ್‌ಲ್ಯಾಂಡ್ ಬರೆಯುವವರು ಯಾರೂ ಇಲ್ಲ. ಹೋದ ತಿಂಗಳು ಶಿರಸಿ ಮನೆಯಲ್ಲಿ ನಾಲ್ಕು ದಿನ ಇದ್ದೆ. ಮಳೆ, ಕರೆಂಟ್ ಇಲ್ಲ, ಫೋನಿನ ಚಾರ್ಜ್ ಮುಗಿದಿತ್ತು. ಗೋಡೆಯ ಮೇಲಿನ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಅದರ ಬೆನ್ನಿಗೆ ಅಂಕೋಲೆಯನ್ನು ಹಿಡಿದೆ. 581314. ಸಮಸಂಖ್ಯೆ, 2ರಿಂದ ಭಾಗಿಸಿದರೆ 290657. ಅದರ ವರ್ಗಮೂಲ 539 ಚಿಲ್ಲರೆ. ಅಲ್ಲಿಯವರೆಗೆ 99 ಅವಿಭಾಜ್ಯಗಳಿವೆ. ಈ ಸಲ ಪ್ರತಿ ಭಾಗಾಕಾರವನ್ನೂ ಗುಣಿಸಿ ತಾಳೆ ನೋಡುತ್ತಿದ್ದೇನೆ, ಹಾಗಾಗಿ ನಿಧಾನ. 31ಕ್ಕೆ ಶೇಷ 1 ಬಂದು ಸ್ವಲ್ಪದರಲ್ಲಿ ತಪ್ಪಿತು. 113ರವರೆಗೆ ಮುಗಿದಿದೆ. ಕರೆಂಟ್ ಬಂದ ಮೇಲೂ ಕಂಪ್ಯೂಟರಿಗೆ ಕೇಳಿಲ್ಲ. ಹಾಳೆಯನ್ನು ಮಡಚಿ ಬೆಂಗಳೂರಿಗೆ ತಂದಿದ್ದೇನೆ, ಮುಂದಿನದು 127.